ಸೆಕೆಂಡ್ ಹ್ಯಾಂಡ್ ಕಾರಿಗೆ ಸಾಲ ಮಾಡಲೋ, ಎಫ್‌ಡಿ ಮುರಿಸಲೋ?

ಕಲ್ಲಹಳ್ಳಿ ಹೈದ:
ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಮನೆಯಲ್ಲಿ ಇದೇ ಮಾತು, ಇದೇ ಜಗಳ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮನೆ ಮಂಡ್ಯದಲ್ಲಿ. ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಕೈಗೆ ಬರುವ ಸಂಬಳ 38 ಸಾವಿರ. ಅಪ್ಪ ಒಂದೂವರೆ ಎಕರೆ ಕಬ್ಬು ಮಾಡುತ್ತಾರೆ. ಹೆಂಡತಿಗೆ ಈಗ ಐದು ತಿಂಗಳು, ತೋರಿಸುತ್ತಿರುವುದು ಮೈಸೂರಿನಲ್ಲಿ. ಇಷ್ಟು ದಿನ ಬೈಕಿನಲ್ಲೇ ಓಡಾಡಿದೆವು. ಆದರೆ 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರೋಡಿನ ಹಂಪು, ಗುಂಡಿಯಲ್ಲಿ ಅವಳನ್ನು ಕೂರಿಸಿಕೊಂಡು ಹೋಗಲು ಮನಸ್ಸು ಬರುತ್ತಿಲ್ಲ.

ಮೈಸೂರಿನ ಒಬ್ಬ ಕನ್ಸಲ್ಟಿಂಗ್‌ನವರ ಹತ್ತಿರ 2018ರ ವ್ಯಾಗನ್ ಆರ್ ನೋಡಿದ್ದೇನೆ. ಸಿಂಗಲ್ ಓನರ್, 61 ಸಾವಿರ ಕಿಲೋಮೀಟರ್ ಓಡಿದೆ. ಬೆಲೆ 4 ಲಕ್ಷ. ನನ್ನ ಹತ್ತಿರ 3 ಲಕ್ಷದ ಎಫ್‌ಡಿ ಇದೆ, ಎಸ್‌ಬಿ ಖಾತೆಯಲ್ಲಿ ಒಂದೂವರೆ ಲಕ್ಷ ಇದೆ. ಅವರು ಹೇಳುವುದು: 1 ಲಕ್ಷ ಡೌನ್ ಪೇಮೆಂಟ್ ಕೊಡಿ, 3 ಲಕ್ಷ ಸಾಲ ನಾವೇ ಮಾಡಿಸುತ್ತೇವೆ, ಬಡ್ಡಿ ಬರೀ 8 ಪರ್ಸೆಂಟ್, ಮೂರು ವರ್ಷ, ತಿಂಗಳಿಗೆ 10,333 ರೂಪಾಯಿ.

ಅಪ್ಪ ಸಾಲದ ಮಾತೇ ಎತ್ತಬೇಡ ಅನ್ನುತ್ತಾರೆ. ಭಾಮೈದ ಹೇಳುವುದು ಬೇರೆ. "ಭಾವ, ಎಫ್‌ಡಿಗೆ 7 ಸಿಗ್ತಿದೆ, ಸಾಲಕ್ಕೆ 8. ಒಂದು ಪರ್ಸೆಂಟ್‌ಗೋಸ್ಕರ ಇರೋ ಗಂಟು ಯಾಕೆ ಕರಗಿಸ್ತೀರ?" ಇಬ್ಬರದ್ದೂ ಸರಿ ಅನ್ನಿಸುತ್ತಿದೆ. ಏನು ಮಾಡಲಿ?

ಬನ್ನಿಮಂಟಪ ಬೋರ:
ಅಪ್ಪ ಹೇಳಿದ್ದೇ ಸರಿ. ಸಾಲ ಬೇಡ. ಮುಗೀತು.

ಒಗ್ಗರಣೆ:
ಅಪ್ಪ ಸೊಸೈಟಿಯಲ್ಲಿ ಬೆಳೆ ಸಾಲ ತಗೊಂಡಿಲ್ವಾ ಅಂತ ಒಮ್ಮೆ ಕೇಳಿ ನೋಡಿ.

ಕಲ್ಲಹಳ್ಳಿ ಹೈದ:
ಕೇಳಿದೆ. ಊಟ ಬಿಟ್ಟು ಎದ್ದು ಹೋದರು.

ರಿಟೈರ್ಡ್ ಕ್ಯಾಷಿಯರ್:
ತಮ್ಮ, ಒಂದು ನಿಮಿಷ. ಆ 8 ಪರ್ಸೆಂಟ್ ಫ್ಲಾಟಾ, ರೆಡ್ಯೂಸಿಂಗಾ ಅಂತ ಕೇಳಿದೆಯಾ? ನೀನು ಕೊಟ್ಟ ಲೆಕ್ಕ ನೋಡಿದರೆ ಅದು ಫ್ಲಾಟ್. 3 ಲಕ್ಷಕ್ಕೆ ವರ್ಷಕ್ಕೆ 24 ಸಾವಿರ, ಮೂರು ವರ್ಷಕ್ಕೆ 72 ಸಾವಿರ. ಒಟ್ಟು 3,72,000ವನ್ನು 36 ಕಂತಿಗೆ ಹಂಚಿದರೆ ಸರಿಯಾಗಿ 10,333.

ನಿಜವಾದ 8 ಪರ್ಸೆಂಟ್ ಆಗಿದ್ದರೆ ಕಂತು 9,401 ಬರಬೇಕಿತ್ತು, ಒಟ್ಟು ಬಡ್ಡಿ 38 ಸಾವಿರ ಚಿಲ್ಲರೆ. ಯಾಕೆ ಇಷ್ಟು ವ್ಯತ್ಯಾಸ ಅಂದರೆ, ನೀನು ಪ್ರತಿ ತಿಂಗಳೂ ಅಸಲು ತೀರಿಸುತ್ತಾ ಹೋಗುತ್ತೀಯ. ಕೊನೆಯ ಕಂತಿನ ಹೊತ್ತಿಗೆ ನಿನ್ನ ಹತ್ತಿರ ಉಳಿದಿರುವ ಅವರ ದುಡ್ಡು ಹತ್ತು ಸಾವಿರ. ಆದರೂ ಅವರು ಬಡ್ಡಿ ಹಾಕಿರುವುದು ಪೂರ್ತಿ 3 ಲಕ್ಷದ ಮೇಲೆ. ಬ್ಯಾಂಕಿನ ಭಾಷೆಯಲ್ಲಿ ಇದು ಸುಮಾರು 14.5 ಪರ್ಸೆಂಟ್ ಸಾಲ. ನಿನ್ನ ಭಾಮೈದ 7ನ್ನು 14.5ರ ಜೊತೆ ಹೋಲಿಸಬೇಕು, 8ರ ಜೊತೆ ಅಲ್ಲ.

ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಿ ಅಂತ ಕೇಳು. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಅದನ್ನು ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಫೀ ಎಲ್ಲ ಸೇರಿಸಿದ ನಿಜವಾದ ದರ ಅದು. ಬಾಯಿ ಮಾತು ಬಿಡು, ಆ ಸಾಲು ಓದು.

ಕಲ್ಲಹಳ್ಳಿ ಹೈದ:
ಅಯ್ಯೋ! ಈಗ ಫೋನ್ ಮಾಡಿದೆ ಸಾರ್. "ಫ್ಲಾಟೇ ಸಾರ್, ಎಲ್ಲರೂ ಹಂಗೇ ಕೊಡೋದು" ಅಂದರು. ಪ್ರೊಸೆಸಿಂಗ್, ಡಾಕ್ಯುಮೆಂಟ್, ಸಾಲಕ್ಕೊಂದು ಇನ್ಶೂರೆನ್ಸ್ ಅಂತ ಇನ್ನೂ 14 ಸಾವಿರ ಬೇರೆ ಇದೆಯಂತೆ. ನಿನ್ನೆ ಅದನ್ನು ಹೇಳಿರಲಿಲ್ಲ.

ಬನ್ನಿಮಂಟಪ ಬೋರ:
ನಾನು ಮೊದಲೇ ಹೇಳಿದೆ. ಮುಗೀತು ಅಂತ.

ಶಾರದಕ್ಕ:
ಬೋರಣ್ಣ, ನಿಮ್ಮಷ್ಟು ಸಲೀಸಾಗಿ ಮುಗಿಯುವುದಿಲ್ಲ. ನಾವು 2022ರಲ್ಲಿ ಸಾಲ ಬೇಡವೇ ಬೇಡ ಅಂತ ಇದ್ದಬದ್ದ ದುಡ್ಡೆಲ್ಲ ಸುರಿದು ಕಾರು ತಗೊಂಡೆವು. ಖಾತೆಯಲ್ಲಿ ಉಳಿದದ್ದು ಹನ್ನೊಂದು ಸಾವಿರ. ಗಾಡಿ ತಂದ ಎರಡನೇ ತಿಂಗಳಿಗೆ ನಮ್ಮ ಮಾವನವರು ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಅವತ್ತೇ ಅಡ್ವಾನ್ಸ್ ಕಟ್ಟಬೇಕಿತ್ತು. ಗೊತ್ತಿದ್ದವರ ಹತ್ತಿರ 80 ಸಾವಿರ ಕೈಸಾಲ ತಂದೆವು, ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ. ತಿಂಗಳಿಗೆ ಬಡ್ಡಿಯೇ 2,400. ವರ್ಷಕ್ಕೆ 36 ಪರ್ಸೆಂಟ್ ಆಯಿತಲ್ಲ, ಅದರ ಮುಂದೆ ಕಾರ್ ಲೋನ್ ಎಷ್ಟೋ ವಾಸಿ. ಮನೆ ಮುಂದೆ ಕಾರು ನಿಂತಿತ್ತು, ಅದಕ್ಕೆ ಪೆಟ್ರೋಲ್ ಹಾಕಿಸಲು ಲೆಕ್ಕ ಹಾಕುತ್ತಿದ್ದೆವು.

ಹೆಂಡತಿಗೆ ಐದು ತಿಂಗಳು ಅಂತೀರಿ. ಹೆರಿಗೆ ನಾರ್ಮಲ್ ಆಗುತ್ತೋ ಸಿಸೇರಿಯನ್ ಆಗುತ್ತೋ ಈಗ ಯಾರು ಹೇಳುತ್ತಾರೆ? ನಾಲ್ಕೂವರೆ ಲಕ್ಷದಲ್ಲಿ ನಾಲ್ಕು ಲಕ್ಷ ಕಾರಿಗೆ ಹಾಕಬೇಡಿ ತಮ್ಮ.

ಹೋಟೆಲ್ ಹುಡುಗ:
ಸಾಲದ ಇನ್ನೊಂದು ಮುಖ ನನ್ನಿಂದ ಕೇಳಿ. 2019ರಲ್ಲಿ ಐದು ಲಕ್ಷ ಸಾಲ ಮಾಡಿ ಕಾರು ತಗೊಂಡೆ, ಐದು ವರ್ಷದ ಕಂತು. ಆಗ ಮೈಸೂರಿನಲ್ಲಿ ಹೋಟೆಲ್ ಕೆಲಸ. 2020ರ ಮಾರ್ಚ್‌ನಲ್ಲಿ ಎಲ್ಲ ಬಂದ್. ಆಗಸ್ಟ್‌ವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತೆ ಅಂದರು. ಸದ್ಯ ಬಚಾವಾದೆ ಅಂದುಕೊಂಡೆ. ಬಡ್ಡಿ ಮಾತ್ರ ಓಡುತ್ತಲೇ ಇತ್ತು, ಅದು ಅಸಲಿಗೆ ಸೇರಿತು. ದಸರಾ ಹೊತ್ತಿಗೂ ಕೆಲಸ ಸಿಗಲಿಲ್ಲ. ಕಾರು ಮಾರಿದರೆ 3 ಲಕ್ಷ 40 ಸಾವಿರ, ಬಾಕಿ ಇದ್ದದ್ದು 4 ಲಕ್ಷ 35 ಸಾವಿರ. ಮೇಲಿನ 95 ಸಾವಿರ ಅಮ್ಮನ ಬಳೆ ಅಡವಿಟ್ಟು ಕಟ್ಟಿದೆ. ಕಾರೂ ಇಲ್ಲ, ಬಳೆಯೂ ಇಲ್ಲ.

ಬಳೆ ಬಿಡಿಸಿಕೊಂಡೆ, ಎರಡು ವರ್ಷ ಹಿಡಿಯಿತು.

ಲೆಕ್ಕದ ಲಿಂಗ:
ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಕಾರು ಬಂದ ಮೇಲೆ ಡ್ಯೂಟಿಗೂ ಅದರಲ್ಲೇ ಹೋಗುತ್ತೀರಾ? ಮಂಡ್ಯದಿಂದ ಹೆಬ್ಬಾಳಕ್ಕೆ ಹೋಗಿ ಬರಲು ಹತ್ತಿರ ಹತ್ತಿರ 90 ಕಿಲೋಮೀಟರ್. ಐದು ಲೀಟರ್ ಪೆಟ್ರೋಲ್ ಇಟ್ಟುಕೊಳ್ಳಿ, ದಿನಕ್ಕೆ 500 ರೂಪಾಯಿ. ತಿಂಗಳಿಗೆ 25 ದಿನ ಅಂದರೆ 12,500. ಗಣಂಗೂರು ಟೋಲ್ ಬೇರೆ. ನೀವು ಕಂತಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ, ಪೆಟ್ರೋಲೇ ಕಂತಿಗಿಂತ ದೊಡ್ಡದು!

ಕಲ್ಲಹಳ್ಳಿ ಹೈದ:
ಇಲ್ಲ ಇಲ್ಲ, ಡ್ಯೂಟಿಗೆ ಟ್ರೈನ್ ಪಾಸ್ ಇದೆ. ಕಾರು ಆಸ್ಪತ್ರೆಗೆ, ಅವಳ ತವರು ಮಳವಳ್ಳಿಗೆ, ಅಪ್ಪನನ್ನು ತೋಟಕ್ಕೆ ಬಿಡಲು. ವಾರಕ್ಕೆ ಎರಡು ಸಲ ತೆಗೆದರೆ ಜಾಸ್ತಿ.

ಒಗ್ಗರಣೆ:
ಹಂಗಾದ್ರೆ ಬಾಡಿಗೆ ಟ್ಯಾಕ್ಸಿ ಸಾಕಲ್ಲ ಗುರು. ಕಾರು ಯಾಕೆ?

ಶಾರದಕ್ಕ:
ರಾತ್ರಿ ಎರಡು ಗಂಟೆಗೆ ನೋವು ಶುರುವಾದಾಗ ಟ್ಯಾಕ್ಸಿಯವನಿಗೆ ಫೋನ್ ಮಾಡುತ್ತಾ ಕೂರಬೇಕಾ? ಗಂಡಸರಿಗೆ ಇದೆಲ್ಲ ಗೊತ್ತಾಗಲ್ಲ.

ಒಗ್ಗರಣೆ:
ತಪ್ಪಾಯ್ತು ಅಕ್ಕ.

ರಿಟೈರ್ಡ್ ಕ್ಯಾಷಿಯರ್:
ಮೂರನೇ ದಾರಿ ಒಂದಿದೆ. ಎಫ್‌ಡಿ ಮುರಿಸಬೇಡ, ಅದರ ಮೇಲೆಯೇ ಸಾಲ ತಗೋ. ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ ಒಂದು ಪರ್ಸೆಂಟ್ ಜಾಸ್ತಿ ಇರುತ್ತದೆ. ನಿನ್ನದು 7 ಇದ್ದರೆ ಸಾಲ 8ರ ಹತ್ತಿರ. ಇದು ನಿಜವಾದ 8, ಬಾಕಿ ಇರುವಷ್ಟಕ್ಕೆ ಮಾತ್ರ ಬಡ್ಡಿ. ಸಿಬಿಲ್ ಸ್ಕೋರ್ ತಲೆಬಿಸಿ ಇಲ್ಲ. ಆರ್‌ಸಿ ಮೇಲೆ ಯಾವ ಬ್ಯಾಂಕಿನ ಹೆಸರೂ ಬರುವುದಿಲ್ಲ. ಓವರ್‌ಡ್ರಾಫ್ಟ್ ಥರ ಮಾಡಿಸಿದರೆ ಕೈಗೆ ದುಡ್ಡು ಬಂದಾಗ ಕಟ್ಟು, ಇಲ್ಲದಾಗ ಸುಮ್ಮನಿರು. ಕಬ್ಬಿನ ದುಡ್ಡು ಬಂದಾಗ ಒಟ್ಟಿಗೆ ಒಂದಷ್ಟು ಹಾಕಬಹುದು.

ಲೆಕ್ಕದ ಲಿಂಗ:
ಸಾರ್, ಲೆಕ್ಕದ ಪ್ರಕಾರ ಇದು ತಪ್ಪಲ್ವಾ? ನನ್ನ ದುಡ್ಡಿಗೆ 7 ತಗೊಂಡು, ಅದೇ ದುಡ್ಡಿಗೆ 8 ಕೊಡುವುದು. ಆ 7ಕ್ಕೂ ಟ್ಯಾಕ್ಸ್ ಬೀಳಬಹುದು. ಎಫ್‌ಡಿ ಮುರಿಸುವುದೇ ಲಾಭ.

ರಿಟೈರ್ಡ್ ಕ್ಯಾಷಿಯರ್:
ಲೆಕ್ಕದಲ್ಲಿ ನೀವು ಹೇಳಿದ್ದು ಸರಿ ಲಿಂಗ ಅವರೇ. ಮುರಿಸಿದರೆ ಬಡ್ಡಿ ಸ್ವಲ್ಪ ಕತ್ತರಿಸುತ್ತಾರೆ, ಅದನ್ನೂ ಸೇರಿಸಿದರೂ ವ್ಯತ್ಯಾಸ ದೊಡ್ಡದಲ್ಲ. ಆದರೆ ನಾನು 34 ವರ್ಷ ಕೌಂಟರ್ ಹಿಂದೆ ಕೂತಿದ್ದೆ. ಎಫ್‌ಡಿ ಮುರಿಸಿಕೊಂಡು ಹೋದವರು ಮತ್ತೆ ಅಷ್ಟೇ ದೊಡ್ಡ ಎಫ್‌ಡಿ ಇಟ್ಟದ್ದು ನಾನು ನೋಡಿದ್ದು ಬಹಳ ಕಡಿಮೆ. ಅದೇ ಎಫ್‌ಡಿ ಮೇಲೆ ಸಾಲ ತಗೊಂಡವರು ಬೈಕೊಂಡಾದರೂ ತೀರಿಸಿ ಹೋಗುತ್ತಿದ್ದರು. ಬ್ಯಾಂಕಿಗೆ ಕೊಡಬೇಕಾದ್ದನ್ನು ಕೊಡುತ್ತಾರೆ, ತಮಗೆ ತಾವೇ ಕೊಡಬೇಕಾದ್ದನ್ನು ಮುಂದಿನ ತಿಂಗಳಿಗೆ ಹಾಕುತ್ತಾರೆ. ನಾನೂ ಅಂಥವನೇ.

ಗದ್ದೆ ಗೌಡ:
"ಕಬ್ಬಿನ ದುಡ್ಡು ಬಂದಾಗ" ಅಂದಿರಲ್ಲ ಸಾರ್, ಆ ಮಾತು ಓದಿ ನಗು ಬಂತು. ಕಬ್ಬು ಕೊಟ್ಟ 14 ದಿನಕ್ಕೆ ದುಡ್ಡು ಕೊಡಬೇಕು ಅಂತ 1966ರಿಂದಲೂ ಕಾನೂನಿದೆ. ನನಗೆ ಒಂದು ಸಲ ಬಂದದ್ದು ಐದು ತಿಂಗಳಿಗೆ. ರೈತರ ಮನೆಯವರು ತಿಂಗಳ ಕಂತಿಗೆ ಸಿಕ್ಕಿಕೊಳ್ಳಬಾರದು ಅನ್ನುವುದು ಇದಕ್ಕೇ. ಟ್ರ್ಯಾಕ್ಟರ್ ಸಾಲಕ್ಕಾದರೆ ಆರು ತಿಂಗಳಿಗೊಂದು ಕಂತು ಮಾಡಿಕೊಡುತ್ತಾರೆ, ಕಾರಿಗೆ ಯಾರು ಕೊಡುತ್ತಾರೆ? ಸಂಬಳದ ಮೇಲೆ ಕಟ್ಟುವ ಹಾಗಿದ್ದರೆ ಮಾತ್ರ ಲೋನ್ ಕಡೆ ನೋಡಿ.

ಒಗ್ಗರಣೆ:
ಆಲೆಮನೆಗೆ ಹಾಕಿ ಗೌಡ್ರೆ.

ಗದ್ದೆ ಗೌಡ:
ಬೆಲ್ಲದ ರೇಟು ಗೊತ್ತಾ ನಿನಗೆ? ಅದಕ್ಕೆ ಬೇರೆ ಚರ್ಚೆ ಶುರು ಮಾಡು, ಬರುತ್ತೇನೆ.

ಸ್ಪ್ಯಾನರ್ ಸಿದ್ದ:
ನಂದು ಗ್ಯಾರೇಜು. ಎಲ್ಲರೂ ದುಡ್ಡಿನ ಬಗ್ಗೆ ಮಾತಾಡುತ್ತಿದ್ದೀರಿ, ಗಾಡಿ ಬಗ್ಗೆ ಒಬ್ಬರೂ ಕೇಳಲಿಲ್ಲ.

2018ರ ಗಾಡಿ, 61 ಸಾವಿರ. ಇರಬಹುದು. ಮೀಟರ್ ತಿರುಗಿಸುವುದು ಈಗ ಅರ್ಧ ಗಂಟೆ ಕೆಲಸ. ಕ್ಲಚ್, ಬ್ರೇಕ್ ಪೆಡಲ್ ರಬ್ಬರ್ ನೋಡಿ, ಸ್ಟೀರಿಂಗ್ ಎಷ್ಟು ಸವೆದು ಹೊಳೆಯುತ್ತಿದೆ ನೋಡಿ. ಓನರ್ ಒಪ್ಪಿದರೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಳೇ ಸರ್ವಿಸ್ ದಾಖಲೆ ತೆಗೆಸಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೇ ಟೈರ್ ಆದರೆ ನಾಲ್ಕೂ ಬದಲಾಯಿಸಬೇಕು, ಅಲ್ಲಿಗೆ ಹದಿನೈದು ಇಪ್ಪತ್ತು ಸಾವಿರ. ಬಾನೆಟ್ ಬೋಲ್ಟಿನ ಬಣ್ಣ ಎದ್ದಿದ್ದರೆ ಬಿಚ್ಚಿ ಹಾಕಿದ್ದಾರೆ ಅಂತ ಅರ್ಥ, ಯಾಕೆ ಅಂತ ಕೇಳಿ.

ಆಮೇಲೆ ಗಾಡಿಯನ್ನು ರಿಂಗ್ ರೋಡಿನಲ್ಲಿ ಓಡಿಸಿ ನೋಡಿದೆ ಅನ್ನಬೇಡಿ. ಅಲ್ಲಿ ಎಲ್ಲ ಗಾಡಿಯೂ ಚೆನ್ನಾಗೇ ಓಡುತ್ತದೆ. ನಾಲ್ಕು ಜನ ಕೂತು ಚಾಮುಂಡಿ ಬೆಟ್ಟ ಹತ್ತಿಸಿ. ತಿರುವಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ ಅಂದರೆ ಕ್ಲಚ್ ಹೋಗಿದೆ.

ಸಾಲವೋ ಕ್ಯಾಶೋ ನೀವೇ ನೋಡಿಕೊಳ್ಳಿ. ಏನೇ ಮಾಡಿದರೂ ಗಾಡಿ ತಂದ ಮೇಲೆ 40 ಸಾವಿರ ಕೈಯಲ್ಲಿರಬೇಕು. ಮೊದಲ ಆರು ತಿಂಗಳಲ್ಲಿ ಹಳೇ ಗಾಡಿ ಏನಾದರೂ ಒಂದು ಕೇಳಿಯೇ ಕೇಳುತ್ತದೆ.

ರಿಂಗ್‌ರೋಡ್ ರಾಣಿ:
ಸಾಲ ಮಾಡಿದರೆ ಒಂದು ಅನುಕೂಲ ಇದೆ. ಬ್ಯಾಂಕಿನವರೇ ದಾಖಲೆ ನೋಡುತ್ತಾರೆ, ವ್ಯಾಲ್ಯುಯರ್ ಕಳಿಸುತ್ತಾರೆ. ಕದ್ದ ಗಾಡಿ, ಕೇಸಿರುವ ಗಾಡಿ ಆದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಸ್ಪ್ಯಾನರ್ ಸಿದ್ದ:
ಮೇಡಂ, ವ್ಯಾಲ್ಯುಯರ್ ನಮ್ಮ ಗ್ಯಾರೇಜಿಗೂ ಬರುತ್ತಾರೆ. ಫೋಟೋ, ಚಾಸಿ ನಂಬರ್, ಒಂದು ಕಾಫಿ. ಅವರು ನೋಡುವುದು ಸಾಲ ಮುಳುಗುತ್ತಾ ಅಂತ, ಗಾಡಿ ಮುಳುಗುತ್ತಾ ಅಂತ ಅಲ್ಲ.

ದಿಲ್ಲಿ ದರ್ಬಾರ್:
ಇಷ್ಟೆಲ್ಲ ಯಾಕೆ? ದಿಲ್ಲಿಯಲ್ಲಿ ಡೀಸೆಲ್ ಗಾಡಿಗಳು ಅರ್ಧ ಬೆಲೆಗೆ ಸಿಗುತ್ತವೆ. ಹೋಗಿ ಓಡಿಸಿಕೊಂಡು ಬನ್ನಿ.

ರಿಂಗ್‌ರೋಡ್ ರಾಣಿ:
ಬಂದ ಮೇಲೆ ಅಲ್ಲಿನ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್, ಹೊಸ ನಂಬರ್, ಆರ್‌ಟಿಒ ಓಡಾಟ ಎಲ್ಲ ನೀವು ಮಾಡಿಕೊಡುತ್ತೀರಾ? ಅವರ ಹೆಂಡತಿಗೆ ಐದು ತಿಂಗಳು ಅಂತ ಓದಿಲ್ವಾ?

ಬನ್ನಿಮಂಟಪ ಬೋರ:
ಈಗ ಆಷಾಢ. ಆಷಾಢದಲ್ಲಿ ಗಾಡಿ ತಗೋಬಾರದು.

ಶಾರದಕ್ಕ:
ತಗೋಬಾರದು, ಆದರೆ ರೇಟ್ ಮಾತಾಡಬಹುದು! ಗಿರಾಕಿ ಇಲ್ಲದ ತಿಂಗಳು ಇದು. ಈಗ ಮಾತಾಡಿ ಅಡ್ವಾನ್ಸ್ ಕೊಟ್ಟು, ಶ್ರಾವಣದಲ್ಲಿ ಮನೆಗೆ ತನ್ನಿ. ಆಯುಧಪೂಜೆ ಹತ್ತಿರ ಬಂದರೆ ಅದೇ ಗಾಡಿಗೆ ಮೂವತ್ತು ಸಾವಿರ ಜಾಸ್ತಿ ಹೇಳುತ್ತಾರೆ.

ಲೆಕ್ಕದ ಲಿಂಗ:
ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹೊಸದೇ ಅಗ್ಗ ಆದ ಮೇಲೆ ಹಳೇ ಕಾರಿಗೆ ಹಳೇ ರೇಟ್ ಕೇಳಿದರೆ ಕೊಡಬೇಡಿ. ಹೊಸ ಕಾರಿನ ಈಗಿನ ಬೆಲೆಪಟ್ಟಿ ಫೋನಿನಲ್ಲಿ ಇಟ್ಟುಕೊಂಡು ಹೋಗಿ ಮಾತಾಡಿ.

ಕಲ್ಲಹಳ್ಳಿ ಹೈದ:
ಎರಡೂವರೆ ಲಕ್ಷ ಕ್ಯಾಶ್ ಕೊಟ್ಟರೆ ಹತ್ತು ಸಾವಿರ ಕಡಿಮೆ ಮಾಡುತ್ತಾರಂತೆ. ಕೊಡಬಹುದಾ?

ರಿಟೈರ್ಡ್ ಕ್ಯಾಷಿಯರ್:
ಬೇಡ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ದಂಡ ತಗೊಂಡವರಿಗೆ, ಅದೂ ತಗೊಂಡಷ್ಟೇ ಮೊತ್ತ. ದಂಡ ಅವರಿಗೆ ತಾನೇ ಅಂತ ನೀನು ಅಂದುಕೊಳ್ಳಬಹುದು, ಆದರೆ ನಾಳೆ ತಕರಾರು ಬಂದರೆ ದುಡ್ಡು ಕೊಟ್ಟಿದ್ದಕ್ಕೆ ನಿನ್ನ ಹತ್ತಿರ ಏನಿರುತ್ತದೆ? ಬ್ಯಾಂಕಿನಿಂದ ಬ್ಯಾಂಕಿಗೆ ಹಾಕು.

ಕೆಎ 11:
ಕೊನೆಗೆ ಹೆಸರು ಬದಲಾವಣೆ ಬಗ್ಗೆ. ನಮೂನೆ 29, 30 ಎರಡಕ್ಕೂ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರಿದವರಿಗೂ ಇದು ಮುಖ್ಯ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇನ್ಶೂರೆನ್ಸ್ ಕೂಡ 14 ದಿನದಲ್ಲಿ ನಿಮ್ಮ ಹೆಸರಿಗೆ ಮಾಡಿಸಬೇಕು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹಳೇ ಮಾಲೀಕರದ್ದು, ಗಾಡಿ ಜೊತೆ ಬರಲ್ಲ, ಅದರ ವ್ಯತ್ಯಾಸ ನೀವು ಕಟ್ಟಬೇಕು.

ಆರ್‌ಸಿಯಲ್ಲಿ ಹಳೇ ಬ್ಯಾಂಕಿನ ಎಚ್‌ಪಿ ಎಂಟ್ರಿ (ಗಾಡಿ ಸಾಲಕ್ಕೆ ಅಡವಿದೆ ಅನ್ನುವ ನಮೂದು) ಇದೆಯಾ ಅಂತ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ, ಅದನ್ನು ತೆಗೆಸುವ ನಮೂನೆ 35 ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಫಾಸ್ಟ್ಯಾಗ್ ಕೂಡ ಬದಲಾಯಿಸಿ. ನನ್ನ ಗಾಡಿ ಮಾರಿ ಎರಡು ತಿಂಗಳಾದರೂ ಗಣಂಗೂರಿನಲ್ಲಿ ಟೋಲ್ ಕತ್ತರಿಸಿದ ಮೆಸೇಜು ನನಗೇ ಬರುತ್ತಿತ್ತು. ಭಾನುವಾರ ಭಾನುವಾರ ಬೆಂಗಳೂರಿಗೆ ಹೋಗುತ್ತಿದ್ದ ಪುಣ್ಯಾತ್ಮ.

ಗದ್ದೆ ಗೌಡ:
ಆರ್‌ಸಿಗೂ 14 ದಿನ, ಇನ್ಶೂರೆನ್ಸಿಗೂ 14 ದಿನ, ಕಬ್ಬಿಗೂ 14 ದಿನ. ನಾವು ತಡ ಮಾಡಿದರೆ ಮಾತ್ರ ದಂಡ.

ಕಲ್ಲಹಳ್ಳಿ ಹೈದ:
ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ವ್ಯಾಗನ್ ಆರ್ ಬಿಟ್ಟೆ. ಸಿದ್ದಣ್ಣ ಹೇಳಿದ ಹಾಗೆ ನಾನು, ಭಾಮೈದ, ಇಬ್ಬರು ಸ್ನೇಹಿತರು ಕೂತು ಬೆಟ್ಟ ಹತ್ತಿಸಿದೆವು. ಮೂರನೇ ತಿರುವಿಗೇ ಎಂಜಿನ್ ಕೂಗತೊಡಗಿತು. ಸರ್ವಿಸ್ ದಾಖಲೆ ತೆಗೆಸಿದರೆ ಎರಡು ವರ್ಷದ ಹಿಂದೆಯೇ 88 ಸಾವಿರ ಓಡಿತ್ತು. ಕನ್ಸಲ್ಟಿಂಗ್‌ನವರು "ಟೈಪಿಂಗ್ ಮಿಸ್ಟೇಕ್ ಸಾರ್" ಅಂದರು.

ಆಮೇಲೆ ಪಾಂಡವಪುರದಲ್ಲಿ ರಿಟೈರ್ಡ್ ಮೇಷ್ಟ್ರು ಒಬ್ಬರ 2016ರ ಆಲ್ಟೊ ಕೆ10 ಸಿಕ್ಕಿತು. ಹೇಳಿದ್ದು 2 ಲಕ್ಷ 60, ಆಷಾಢದ ಮಾತು ಆಡಿ 2 ಲಕ್ಷ 40ಕ್ಕೆ ಒಪ್ಪಿಸಿದೆವು. ಎಸ್‌ಬಿಯಿಂದ 90 ಸಾವಿರ ಕೊಟ್ಟೆ, ಎಫ್‌ಡಿ ಮೇಲೆ ಒಂದೂವರೆ ಲಕ್ಷ ಸಾಲ ತಗೊಂಡೆ. ಖಾತೆಯಲ್ಲಿ 60 ಸಾವಿರ ಉಳಿದಿದೆ, ಅದರಲ್ಲೇ ಟೈರು, ಇನ್ಶೂರೆನ್ಸ್. ಎಫ್‌ಡಿ ಮೇಲೆ ಇನ್ನೂ ತೆಗೆಯಲು ಜಾಗ ಇದೆ, ಅದು ಹೆರಿಗೆಗೆ. ಮೇಷ್ಟ್ರು ಸಾಲ ತೀರಿಸಿ ಐದು ವರ್ಷವಾಗಿದ್ದರೂ ಎಚ್‌ಪಿ ತೆಗೆಸಿರಲಿಲ್ಲ. ಅವರೇ ಬ್ಯಾಂಕಿಗೆ ಬಂದು ಸೀಲ್ ಹಾಕಿಸಿಕೊಟ್ಟರು, ಅಲ್ಲಿಯ ತನಕ 20 ಸಾವಿರ ತಡೆಹಿಡಿದಿದ್ದೆ. ಬೇಜಾರು ಮಾಡಿಕೊಳ್ಳಲಿಲ್ಲ, "ನಾನಾದರೂ ಹಾಗೇ ಮಾಡುತ್ತಿದ್ದೆ" ಅಂದರು.

ಅಪ್ಪನಿಗೆ ಎಫ್‌ಡಿ ಮೇಲಿನದ್ದೂ ಸಾಲವೇ ಅಂತ ಇನ್ನೂ ಹೇಳಿಲ್ಲ.

ರಿಟೈರ್ಡ್ ಕ್ಯಾಷಿಯರ್:
ಒಳ್ಳೆಯದಾಯಿತು. ತಿಂಗಳಿಗೆ ಐದು ಸಾವಿರವಾದರೂ ಆ ಖಾತೆಗೆ ಹಾಕುತ್ತಾ ಬಾ. ಕಂತು ಇಲ್ಲ ಅಂತ ಸುಮ್ಮನೆ ಬಿಟ್ಟರೆ ಬಡ್ಡಿ ಬೆಳೆಯುತ್ತದೆ.

ಲೆಕ್ಕದ ಲಿಂಗ:
ಮುರಿಸಿದ್ದರೆ ವರ್ಷಕ್ಕೆ ಸಾವಿರದೈನೂರು ಉಳಿಯುತ್ತಿತ್ತು. ಇರಲಿ, ಶುಭವಾಗಲಿ.

ಶಾರದಕ್ಕ:
ಹಂಪಿನಲ್ಲಿ ನಿಧಾನ ತಮ್ಮ. ಬಣ್ಣ ಯಾವುದು?

ಕಲ್ಲಹಳ್ಳಿ ಹೈದ:
ಬಿಳಿ ಅಕ್ಕ. ಭಾಮೈದ ಟ್ಯಾಕ್ಸಿ ಥರ ಇದೆ ಅಂತ ಮುಖ ಊದಿಸಿಕೊಂಡಿದ್ದಾನೆ.

ಒಗ್ಗರಣೆ:
ನಾನು ಹೇಳಿದ ಟ್ಯಾಕ್ಸಿಯೇ ಬಂತಲ್ಲ!